ಸೊಂಟದ ನೋವು ಕಾಲಿಗೆ ಇಳಿದಾಗ

ಬೆನ್ನುನೋವಿನ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ತಿಂಗಳು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ‘ನನಗೆ ಡಿಸ್ಕ್ ಇದೆ’ ಎಂದೇ ಆರಂಭವಾಗಿವೆ. ಡಿಸ್ಕ್ ಎಲ್ಲರಿಗೂ ಇದೆ, ಒಬ್ಬೊಬ್ಬರಿಗೆ 23 ಇವೆ. ಅದು ಅಂಗದ ಹೆಸರೇ ಹೊರತು ಕಾಯಿಲೆಯ ಹೆಸರಲ್ಲ. ಆ ಅಂಗ ಕೆಟ್ಟಾಗ ಯಾವ ಲಕ್ಷಣಗಳಿಂದ ಅದನ್ನು ಗುರುತಿಸಬಹುದು, ಯಾವ ನೋವನ್ನು ಅದರ ತಲೆಗೆ ಕಟ್ಟಬಾರದು ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ. ಒಂದೇ ಬಗೆಯ ಪತ್ರಗಳು ಹಲವು ಬಂದಾಗ ಒಂದನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 38 ವರ್ಷ, ಅಡಿಕೆ ಕೃಷಿಕ. ಮೂರು ವಾರಗಳ ಹಿಂದೆ ಗೊಬ್ಬರದ ಚೀಲ ಎತ್ತುವಾಗ ಸೊಂಟ ಹಿಡಿದುಕೊಂಡು ಎರಡು ದಿನ ನೆಟ್ಟಗೆ ನಿಲ್ಲಲಾಗಲಿಲ್ಲ. ಆಮೇಲೆ ಸೊಂಟದ ನೋವು ಇಳಿಯಿತು. ಆದರೆ ಬಲಗಡೆಯ ಪೃಷ್ಠದಿಂದ ಹೊರಟು ತೊಡೆಯ ಹಿಂಬದಿ, ಮೊಣಕಾಲಿನ ಕೆಳಗೆ ಕಾಲಿನ ಹೊರಬದಿ, ಅಲ್ಲಿಂದ ಹೆಬ್ಬೆರಳಿನ ತನಕ ಸೆಳೆತ ಶುರುವಾಗಿದೆ. ಕೆಮ್ಮಿದರೆ, ಸೀನಿದರೆ ಕಾಲಿಗೆ ಕರೆಂಟ್ ಹೊಡೆದಂತಾಗುತ್ತದೆ. ಊಟಕ್ಕೆ ಕುಳಿತುಕೊಳ್ಳುವುದೇ ಕಷ್ಟ, ಓಡಾಡುವಾಗ ಅಷ್ಟಿಲ್ಲ. ಮನೆಯ ಹಿರಿಯರು ವಾಯು ಎನ್ನುತ್ತಾರೆ. ಇದು ಡಿಸ್ಕ್ ತೊಂದರೆಯೇ? ಗುರುತಿಸುವುದು ಹೇಗೆ?
– ಹೆಸರು ಬೇಡ, ಶಿರಸಿ

ಉತ್ತರ: ನಿಮ್ಮ ಪತ್ರದಲ್ಲಿಯೇ ಉತ್ತರದ ಬಹುಭಾಗ ಇದೆ. ನೋವು ಸೊಂಟದಲ್ಲಿ ಕಡಿಮೆಯಾಗಿ ಕಾಲಿನಲ್ಲಿ ಹೆಚ್ಚಾಗಿದೆ, ಮೊಣಕಾಲನ್ನು ದಾಟಿ ಪಾದದವರೆಗೆ ಇಳಿದಿದೆ, ಕೆಮ್ಮಿದಾಗ ಕಾಲಿಗೆ ಹೊಡೆಯುತ್ತದೆ, ಕುಳಿತಾಗ ಹೆಚ್ಚುತ್ತದೆ. ಒಂದೇ ಕಾಲಿನಲ್ಲಿ ಇವು ನಾಲ್ಕೂ ಕೂಡಿ ಕಾಣಿಸಿಕೊಂಡಾಗ, ಸೊಂಟದ ಡಿಸ್ಕ್‌ನ ತಿರುಳು ಹೊರಚಾಚಿ ನರದ ಬೇರನ್ನು ಕೆಣಕಿದೆ ಎಂದೇ ವೈದ್ಯರು ಮೊದಲು ಯೋಚಿಸುತ್ತಾರೆ. ನಾವು ಸಯಾಟಿಕಾ ಎಂದು ಕರೆಯುವುದು ಇದನ್ನೇ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಎಂಬ ಹೆಸರಿದೆ. ನೋವಿರುವವನ ನಡಿಗೆ ರಣಹದ್ದಿನ ನಡಿಗೆಯಂತೆ ಕಾಣುತ್ತದೆಂಬ ಕಾರಣಕ್ಕೆ ಬಂದ ಹೆಸರು. ಅದನ್ನು ವಾತರೋಗಗಳ ಸಾಲಿನಲ್ಲಿ ಇರಿಸಿರುವುದರಿಂದ, ನಿಮ್ಮ ಹಿರಿಯರ ‘ವಾಯು’ ಎಂಬ ಮಾತು ತೀರ ಆಧಾರವಿಲ್ಲದ್ದೇನೂ ಅಲ್ಲ.

ಬೆನ್ನೆಲುಬಿನ ಎರಡು ಮಣಿಗಳ ನಡುವೆ ಕೂತಿರುವ ಡಿಸ್ಕ್‌ನ ಹೊರಭಾಗ ಪದರ ಪದರವಾಗಿ ಹೆಣೆದ ಗಟ್ಟಿ ನಾರಿನ ಉಂಗುರ. ಒಳಗಿರುವುದು ನೀರಿನಂಶ ತುಂಬಿದ, ಎಳೆಯ ತಾಳೆಹಣ್ಣಿನಂತೆ ಮೆತ್ತಗಿನ ತಿರುಳು. ವರ್ಷಗಳ ಸವೆತದಿಂದ ಈ ಉಂಗುರ ಹಿಂಬದಿಯಲ್ಲಿ, ಕೊಂಚ ಪಕ್ಕಕ್ಕೆ ಬಿರುಕು ಬಿಟ್ಟಿದ್ದರೆ, ಬಾಗಿ ಭಾರ ಎತ್ತಿದ ಒಂದು ಕ್ಷಣದಲ್ಲಿ ತಿರುಳು ಆ ಬಿರುಕಿನಿಂದ ಹೊರಗೆ ಒತ್ತರಿಸಬಹುದು. ಆದ್ದರಿಂದ ಗೊಬ್ಬರದ ಚೀಲ ಕೊನೆಯ ನೆಪ ಮಾತ್ರ. ಆ ಜಾಗದಲ್ಲೇ ನರದ ಬೇರು ಹಾದುಹೋಗುತ್ತದೆ. ಒತ್ತಡದಿಂದ ಮಾತ್ರವಲ್ಲ, ತಿರುಳಿನಲ್ಲಿರುವ ರಾಸಾಯನಿಕಗಳಿಂದಲೂ ನರ ಕೆರಳಿ ಉರಿಯೂತವಾಗುತ್ತದೆ. ಕಾಲಿನ ನೋವಿನ ಮೂಲ ಬೆನ್ನೊಳಗಿನ ಡಿಸ್ಕ್‌ನಲ್ಲಿರಬಹುದು ಎಂಬುದನ್ನು ಮಿಕ್ಸ್‌ಟರ್ ಮತ್ತು ಬಾರ್ ಎಂಬ ಅಮೆರಿಕದ ಶಸ್ತ್ರವೈದ್ಯರು 1934ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟರು. ‘ಡಿಸ್ಕ್ ಜಾರಿದೆ’ ಎಂಬುದು ರೂಢಿಯ ಮಾತಾದರೂ ಅದು ಜಾರುವ ವಸ್ತುವಲ್ಲ. ಮೇಲಿನ ಮತ್ತು ಕೆಳಗಿನ ಮಣಿಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಜಾರಿದ್ದನ್ನು ಒತ್ತಿ ಕೂರಿಸಿಕೊಡುತ್ತೇವೆ ಎನ್ನುವವರ ಬಳಿ ಹೋಗುವ ಮೊದಲು ಇದು ನೆನಪಿನಲ್ಲಿರಲಿ.

ಯಾವ ನರ ಸಿಕ್ಕಿಕೊಂಡಿದೆ ಎಂಬುದನ್ನು ನೋವಿನ ದಾರಿಯೇ ಹೇಳುತ್ತದೆ. ಸೊಂಟದ ಡಿಸ್ಕ್ ತೊಂದರೆಗಳಲ್ಲಿ ಬಹುಪಾಲು ಕೊನೆಯ ಎರಡು ಡಿಸ್ಕ್‌ಗಳಿಗೆ ಸಂಬಂಧಿಸಿದವು. ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್ ಚಾಚಿಕೊಂಡಾಗ ಸಾಮಾನ್ಯವಾಗಿ ಐದನೆಯ ನರ ಒತ್ತಲ್ಪಟ್ಟು, ನೋವು ಮತ್ತು ಜೋಮು ಕಾಲಿನ ಹೊರಬದಿಯಿಂದ ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ ಬರುತ್ತವೆ. ನೀವು ಬರೆದಿರುವುದು ಇದೇ ದಾರಿ. ಅದರ ಕೆಳಗಿನ ಡಿಸ್ಕ್ ಆದರೆ ನೋವು ಮೀನಖಂಡದ ಹಿಂಬದಿಯಲ್ಲಿ ಇಳಿದು ಹಿಮ್ಮಡಿ, ಅಂಗಾಲು, ಕಿರುಬೆರಳುಗಳ ಕಡೆಗೆ ಹೋಗುತ್ತದೆ. ಅಪರೂಪಕ್ಕೆ ಮೇಲಿನ ಡಿಸ್ಕ್‌ಗಳು ಕೆಟ್ಟರೆ ತೊಡೆಯ ಮುಂಭಾಗವೂ ಮೊಣಕಾಲಿನ ಕೆಳಗಿನ ಒಳಬದಿಯೂ ನೋಯುತ್ತವೆ. ನೋವು ತೊಡೆಯಲ್ಲೇ ನಿಂತು ಮೊಣಕಾಲಿನಿಂದ ಕೆಳಗೆ ಇಳಿಯದಿದ್ದರೆ ಅದು ಸ್ನಾಯು ಅಥವಾ ಕೀಲಿನದಾಗಿರುವ ಸಾಧ್ಯತೆ ಹೆಚ್ಚು. ತೊಡೆಸಂದಿನಲ್ಲಿ ನೋಯುತ್ತಾ, ಚಕ್ಕಳಮಕ್ಕಳ ಹಾಕಿ ಕೂರಲು ಆಗದಿದ್ದರೆ ಸೊಂಟಕ್ಕಿಂತ ಮೊದಲು ತೊಡೆಯ ಕೀಲನ್ನು ಪರೀಕ್ಷಿಸಬೇಕು.

ನೀವೇ ಮನೆಯಲ್ಲಿ ನೋಡಿಕೊಳ್ಳಬಹುದಾದ ಎರಡು ಸಂಗತಿಗಳಿವೆ. ಗೋಡೆಯ ಆಸರೆ ಹಿಡಿದು, ಪಾದದ ಮುಂಭಾಗವನ್ನು ಎತ್ತಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಬಲಪಾದ ಮೇಲೇಳದೆ ನೆಲಕ್ಕೆ ಬಡಿಯುತ್ತಿದ್ದರೆ, ಅಥವಾ ಹವಾಯಿ ಚಪ್ಪಲಿ ಗೊತ್ತಾಗದಂತೆ ಕಳಚಿಹೋಗುತ್ತಿದ್ದರೆ, ಐದನೆಯ ನರದ ಶಕ್ತಿ ಕುಂದಿದೆ ಎಂದರ್ಥ. ಹಾಗೆಯೇ ತುದಿಗಾಲಿನಲ್ಲಿ ನಡೆಯಲಾಗದಿದ್ದರೆ ಅದರ ಕೆಳಗಿನ ನರ ದುರ್ಬಲವಾಗಿದೆ. ನೋವಿಗೆ ಹೆದರಿ ಕಾಲೂರದಿರುವುದು ಬೇರೆ, ನೋವಿಲ್ಲದಿದ್ದರೂ ಪಾದ ಮಾತು ಕೇಳದಿರುವುದು ಬೇರೆ. ಎರಡನೆಯದು ಇದ್ದರೆ ಕಾಯದೆ ಈ ವಾರವೇ ಮೂಳೆ ಅಥವಾ ನರ ತಜ್ಞರನ್ನು ಕಾಣಬೇಕು. ವೈದ್ಯರು ನಿಮ್ಮನ್ನು ಅಂಗಾತ ಮಲಗಿಸಿ ಮೊಣಕಾಲು ಮಡಿಸದಂತೆ ಕಾಲನ್ನು ಮೆಲ್ಲಗೆ ಎತ್ತುತ್ತಾರೆ. ಸುಮಾರು 30ರಿಂದ 70 ಡಿಗ್ರಿಗಳ ನಡುವೆ ನಿಮ್ಮ ಪರಿಚಿತ ಸೆಳೆತ ಮೊಣಕಾಲಿನ ಕೆಳಗೂ ಬಂದರೆ ನರ ಕೆರಳಿದೆ ಎಂದು ತಿಳಿಯುತ್ತದೆ. ತೊಡೆಯ ಹಿಂಭಾಗ ಬಿಗಿಯುವುದಷ್ಟೇ ಆದರೆ ಅದು ಲೆಕ್ಕಕ್ಕಿಲ್ಲ. ನೋವಿಲ್ಲದ ಕಾಲನ್ನು ಎತ್ತಿದಾಗ ನೋವಿರುವ ಕಾಲಿಗೆ ಹೊಡೆದರಂತೂ ಡಿಸ್ಕ್ ಎಂಬ ಅನುಮಾನ ಬಲವಾಗುತ್ತದೆ. ಈ ಪರೀಕ್ಷೆಗೆ ಲಾಸೆಗ್ ಎಂಬ ಫ್ರೆಂಚ್ ವೈದ್ಯನ ಹೆಸರಿದೆ, ಆದರೆ 1881ರಲ್ಲಿ ಅದನ್ನು ಬರೆದು ಪ್ರಕಟಿಸಿದವನು ಅವನ ಶಿಷ್ಯ ಫಾರ್ಸ್ಟ್. ಕೀರ್ತಿ ಗುರುವಿಗೆ ಹೋಯಿತು.

ಶಕ್ತಿ ಕುಂದಿಲ್ಲವಾದರೆ ನೀವು ಗಾಬರಿಯಾಗಬೇಕಾಗಿಲ್ಲ. ಇಂಥ ನೋವು ಬಹುತೇಕರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ; ಹೊರಬಂದ ತಿರುಳನ್ನು ದೇಹವೇ ಕ್ರಮೇಣ ಕರಗಿಸಿಕೊಳ್ಳುತ್ತದೆ. ಪೂರ್ತಿ ಕಳಚಿಕೊಂಡ ದೊಡ್ಡ ತುಣುಕುಗಳೇ ಸಣ್ಣ ಉಬ್ಬುಗಳಿಗಿಂತ ಚೆನ್ನಾಗಿ ಕರಗುತ್ತವೆ. ಒಂದೆರಡು ದಿನಗಳಿಗಿಂತ ಹೆಚ್ಚು ಹಾಸಿಗೆ ಹಿಡಿಯಬೇಡಿ, ತಡೆದುಕೊಳ್ಳುವಷ್ಟು ನಡೆದಾಡಿ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿಕೊಂಡಿರುವುದರಿಂದ ಬೆಳಿಗ್ಗೆ ಎದ್ದ ಮೊದಲ ಒಂದು ಗಂಟೆ ಬಾಗುವ ಕೆಲಸವನ್ನು ಬಿಡಿ. ಕೊಟ್ಟಿಗೆಯ ಕೆಲಸ, ನೀರು ಸೇದುವುದು ಇತ್ಯಾದಿ ಸದ್ಯಕ್ಕೆ ಬೇರೆಯವರ ಪಾಲಿಗಿರಲಿ. ಬಾಗಿ ಕೂತಾಗ ಡಿಸ್ಕ್‌ನೊಳಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುವುದು ಈ ಎರಡು ತಿಂಗಳು ಬೇಡ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ವಾರಗಟ್ಟಲೆ ನುಂಗಬೇಡಿ. ಹೊಟ್ಟೆಯ ಹುಣ್ಣು, ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಡಿಸ್ಕ್‌ಗಿಂತ ದೊಡ್ಡ ಅಪಾಯವನ್ನು ತಂದೊಡ್ಡಬಹುದು.

ಶಸ್ತ್ರಚಿಕಿತ್ಸೆಯ ಪ್ರಶ್ನೆ ಏಳುವುದು, ಶಕ್ತಿ ಕುಂದುತ್ತಿದ್ದರೆ ಅಥವಾ ಆರೆಂಟು ವಾರಗಳಾದರೂ ಕಾಲಿನ ನೋವು ತಡೆಯಲಾರದಂತೆ ಉಳಿದಿದ್ದರೆ. ನೆದರ್‌ಲೆಂಡ್ಸ್‌ನಲ್ಲಿ ತೀವ್ರ ಸಯಾಟಿಕಾ ಇದ್ದ 283 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ನೋವು ಬೇಗ ಇಳಿಯಿತು. ಆದರೆ ಒಂದು ವರ್ಷದ ಹೊತ್ತಿಗೆ, ಕಾದವರಿಗೂ ಮಾಡಿಸಿಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಕಾದವರಲ್ಲಿಯೂ ಕೆಲವರಿಗೆ ಕಡೆಗೆ ಶಸ್ತ್ರಚಿಕಿತ್ಸೆ ಬೇಕಾಯಿತು ಎಂಬುದನ್ನೂ ಹೇಳಬೇಕು.

ಪ್ರಶ್ನೆ: ನನ್ನ ಯಜಮಾನರಿಗೆ 44 ವರ್ಷ, ಲಾರಿ ಚಾಲಕರು. ಆರು ತಿಂಗಳಿಂದ ಸೊಂಟನೋವು ಇತ್ತು. ನಾಲ್ಕು ದಿನಗಳಿಂದ ಎರಡೂ ಕಾಲುಗಳು ಸೋಲುತ್ತಿವೆ. ನಿನ್ನೆಯಿಂದ ಮೂತ್ರ ಸಲೀಸಾಗಿ ಹೋಗುತ್ತಿಲ್ಲ, ಕೂರುವ ಜಾಗ ಮರಗಟ್ಟಿದಂತೆ ಇದೆ ಎನ್ನುತ್ತಾರೆ. ಸಂಕೋಚದಿಂದ ಯಾರಿಗೂ ಹೇಳಬೇಡ ಎಂದಿದ್ದಾರೆ. ಯಾವ ಔಷಧಿ ಕೊಡಬಹುದು?
– ಹೆಸರು, ಊರು ಬೇಡ

ಉತ್ತರ: ಈ ಪತ್ರ ನನ್ನ ಕೈಸೇರುವ ಹೊತ್ತಿಗೆ ಐದು ದಿನಗಳು ಕಳೆದಿದ್ದವು. ನೀವು ಬರೆದಿದ್ದ ಸಂಖ್ಯೆಗೆ ಸಂಪಾದಕರು ಕರೆ ಮಾಡಿದಾಗ, ನೀವು ಆಗಲೇ ಅವರನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದಿದ್ದೀರಿ ಎಂದು ತಿಳಿದು ಸಮಾಧಾನವಾಯಿತು. ಇತರ ಓದುಗರಿಗಾಗಿ ಬರೆಯುತ್ತಿದ್ದೇನೆ: ಡಿಸ್ಕ್ ತೊಂದರೆಯಲ್ಲಿ ಪತ್ರ ಬರೆದು ಉತ್ತರಕ್ಕೆ ಕಾಯಬಾರದ ಸ್ಥಿತಿ ಇದು.

ಬೆನ್ನುಹುರಿಯು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ಇಳಿಬಿದ್ದಿರುವ ನರಗಳ ಗೊಂಚಲು ಕಾಲುಗಳನ್ನಷ್ಟೇ ಅಲ್ಲದೆ ಮೂತ್ರ, ಮಲ ಮತ್ತು ಜನನಾಂಗಗಳನ್ನೂ ನೋಡಿಕೊಳ್ಳುತ್ತದೆ. ದೊಡ್ಡ ತುಣುಕೊಂದು ನಡುಮಧ್ಯಕ್ಕೆ ಬಂದು ಇಡೀ ಗೊಂಚಲನ್ನೇ ಅದುಮಿದಾಗ ಎರಡೂ ಕಾಲುಗಳಲ್ಲಿ ನೋವು ಅಥವಾ ನಿಶ್ಶಕ್ತಿ, ಕುದುರೆಯ ಜೀನಿನ ಮೇಲೆ ಕುಳಿತರೆ ತಗಲುವಷ್ಟು ಜಾಗದಲ್ಲಿ ಸ್ಪರ್ಶವಿಲ್ಲದಿರುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದಂತೆ ಸೋರುವುದು, ಮಲವಿಸರ್ಜನೆಯ ಹಿಡಿತ ತಪ್ಪುವುದು, ಲೈಂಗಿಕ ಸಂವೇದನೆ ಇಲ್ಲವಾಗುವುದು ಕಾಣಿಸಿಕೊಳ್ಳುತ್ತವೆ. ತೊಳೆದುಕೊಳ್ಳುವಾಗ ಕೈ ತಗಲಿದ್ದು ತಿಳಿಯುತ್ತಿಲ್ಲ ಎಂದು ರೋಗಿಗಳು ಹೇಳುವುದುಂಟು. ನಮಗೆ ಆ ಒಂದು ಮಾತು ಸಾಕು. ತುರ್ತಾಗಿ ಎಂಆರ್‌ಐ ಮಾಡಿ, ಸಾಧ್ಯವಾದಷ್ಟು ಬೇಗ, ಹೆಚ್ಚೆಂದರೆ 48 ಗಂಟೆಗಳೊಳಗೆ ಒತ್ತಡವನ್ನು ತೆಗೆಯಲು ಶಸ್ತ್ರವೈದ್ಯರು ಪ್ರಯತ್ನಿಸುತ್ತಾರೆ. ತಡವಾದರೆ ಮೂತ್ರದ ಹಿಡಿತ ಮರಳದೇ ಹೋಗಬಹುದು. 108ಕ್ಕೆ ಕರೆ ಮಾಡಿ, ನರಶಸ್ತ್ರಚಿಕಿತ್ಸೆ ಅಥವಾ ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಇಂಥ ಹೊತ್ತಿನಲ್ಲಿ ಸಂಕೋಚ ತುಂಬ ದುಬಾರಿ.

ಪ್ರಶ್ನೆ: ವಯಸ್ಸು 50, ಬ್ಯಾಂಕ್ ಉದ್ಯೋಗಿ. ಮೂರು ತಿಂಗಳಿಂದ ಸೊಂಟದಲ್ಲಿ ಮಂದ ನೋವಿದೆ; ಕಾಲಿಗೆ ಏನೂ ಇಲ್ಲ. ಎಂಆರ್‌ಐ ವರದಿಯಲ್ಲಿ ಎರಡು ಕಡೆ ‘ಡಿಸ್ಕ್ ಬಲ್ಜ್’, ‘ಡೆಸಿಕೇಶನ್’, ‘ಡಿಜೆನರೇಶನ್’ ಎಂದಿದೆ. ಅದನ್ನು ಓದಿದ ಮೇಲೆ ನೋವು ಇನ್ನೂ ಹೆಚ್ಚಾಗಿದೆ. ಶಸ್ತ್ರಚಿಕಿತ್ಸೆ ಬೇಕೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಓದಿದ ಮೇಲೆ ನೋವು ಹೆಚ್ಚಾಯಿತೆಂದು ಪ್ರಾಮಾಣಿಕವಾಗಿ ಬರೆದಿದ್ದೀರಿ, ಬಹಳ ಜನರಿಗೆ ಹೀಗೆಯೇ ಆಗುತ್ತದೆ. ಡೆಸಿಕೇಶನ್ ಎಂದರೆ ಡಿಸ್ಕ್‌ನ ನೀರಿನಂಶ ಒಣಗಿದೆ ಎಂದಷ್ಟೇ. ಡಿಜೆನರೇಶನ್ ಸವೆತ. ಬಲ್ಜ್ ಎಂದರೆ ಗಾಳಿ ಕಡಿಮೆಯಾದ ಟೈರಿನಂತೆ ಅಂಚು ಸ್ವಲ್ಪ ಉಬ್ಬಿದೆ ಎಂದರ್ಥ. ಕೂದಲು ನರೆತಿದೆ ಎಂದು ವರದಿ ಬಂದರೆ ಯಾರೂ ಹೆದರುವುದಿಲ್ಲ.

ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ. 52 ಜನರಲ್ಲಿ ಒಂದಾದರೂ ಬಲ್ಜ್ ಕಂಡುಬಂದಿತ್ತು. ನೋವಿಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಚಿತ್ರಗಳನ್ನು ಒಟ್ಟುಗೂಡಿಸಿದ 2015ರ ಪರಾಮರ್ಶೆಯ ಪ್ರಕಾರ, ಡಿಸ್ಕ್ ಸವೆತವು 20ರ ವಯಸ್ಸಿನಲ್ಲೇ ಶೇ. 37 ಜನರಲ್ಲಿ, 50ರ ವಯಸ್ಸಿನಲ್ಲಿ ಶೇ. 80 ಜನರಲ್ಲಿ ಇರುತ್ತದೆ; 50ರಲ್ಲಿ ಬಲ್ಜ್ ಇರುವವರು ಶೇ. 60. ಆದ್ದರಿಂದ ನಿಮ್ಮ ವರದಿ ನಿಮ್ಮ ವಯಸ್ಸನ್ನು ಹೇಳುತ್ತಿದೆಯೇ ಹೊರತು ನಿಮ್ಮ ನೋವಿನ ಕಾರಣವನ್ನಲ್ಲ. ಕಾಲಿನಲ್ಲಿ ನೋವು, ಜೋಮು, ನಿಶ್ಶಕ್ತಿ ಇದ್ದು, ಅವು ಹೇಳುವ ನರಕ್ಕೂ ಚಿತ್ರ ತೋರಿಸುವ ಡಿಸ್ಕ್‌ಗೂ ತಾಳೆಯಾದರೆ ಮಾತ್ರ ವರದಿಗೆ ಬೆಲೆ. ಕಾಲಿನ ಲಕ್ಷಣವಿಲ್ಲದ ಮಂದ ಸೊಂಟನೋವಿಗೆ ಬಲ್ಜ್ ನೋಡಿ ಶಸ್ತ್ರಚಿಕಿತ್ಸೆ ಮಾಡಿದರೆ ಪ್ರಯೋಜನ ಸಿಗುವುದು ಅಪರೂಪ. ಹಾಗೆ ಸೂಚಿಸಿದವರಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದ ಏಳುವುದು, ದಿನವೂ ನಡೆಯುವುದು, ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಬೆನ್ನು ಮತ್ತು ಹೊಟ್ಟೆಯ ವ್ಯಾಯಾಮಗಳು ನಿಮಗೆ ಸಾಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸೊಂಟನೋವಿನ ಜೊತೆ ಸಂಜೆಯ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು, ಹಿಂದೆ ಎಂದಾದರೂ ಕ್ಯಾನ್ಸರ್ ಆಗಿದ್ದುದು, ದೀರ್ಘಕಾಲ ಸ್ಟೆರಾಯ್ಡ್ ಸೇವನೆ, ಬಿದ್ದು ಪೆಟ್ಟಾಗಿರುವುದು – ಇವುಗಳಲ್ಲಿ ಒಂದಿದ್ದರೂ ಲೆಕ್ಕಾಚಾರ ಬೇರೆ. ನಮ್ಮಲ್ಲಿ ಬೆನ್ನೆಲುಬಿನ ಕ್ಷಯ ಇಂದಿಗೂ ಇದೆ. ಅದನ್ನು ಡಿಸ್ಕ್ ಎಂದುಕೊಂಡು ತಿಂಗಳುಗಟ್ಟಲೆ ಬೆಲ್ಟ್ ಕಟ್ಟಿಕೊಂಡು ತಿರುಗಾಡಿದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನನಗೆ 42 ವರ್ಷ, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಕಡಿಮೆಯಾಗುತ್ತದೆ. ಕುತ್ತಿಗೆಯ ಎಕ್ಸ್-ರೇಯಲ್ಲಿ ಸವೆತ ಇದೆ ಎಂದು ಕಾಲರ್ ಹಾಕಿದ್ದಾರೆ. ಗುಣ ಕಂಡಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಕುತ್ತಿಗೆಯ ಡಿಸ್ಕ್‌ನಿಂದಲೂ ಈ ಬೆರಳುಗಳಿಗೆ ಜೋಮು ಬರಬಹುದು, ಆರನೆಯ ನರವಾದರೆ ಹೆಬ್ಬೆರಳಿನ ಕಡೆಗೆ, ಏಳನೆಯದಾದರೆ ನಡುಬೆರಳಿಗೆ. ಆದರೆ ಅಲ್ಲಿ ನೋವು ಕುತ್ತಿಗೆ ಅಥವಾ ಹೆಗಲ ಹಿಂಬದಿಯಿಂದ ತೋಳಿನಲ್ಲಿ ಇಳಿದು ಬರುತ್ತದೆ, ತಲೆಯನ್ನು ಹಿಂದಕ್ಕೆ ಬಾಗಿಸಿ ನೋವಿನ ಕಡೆಗೆ ತಿರುಗಿಸಿದರೆ ಹೆಚ್ಚುತ್ತದೆ, ಕೈಯನ್ನು ತಲೆಯ ಮೇಲೆ ಇರಿಸಿಕೊಂಡರೆ ಹಲವರಿಗೆ ಹಗುರವೆನಿಸುತ್ತದೆ. ನಿಮಗೆ ಇವೊಂದೂ ಇಲ್ಲ. ರಾತ್ರಿ ಎಚ್ಚರವಾಗುವುದು, ಕೈ ಕೊಡವಿದರೆ ಇಳಿಯುವುದು, ಕಿರುಬೆರಳಿಗೆ ಏನೂ ಆಗದಿರುವುದು – ಇವು ಮಣಿಕಟ್ಟಿನಲ್ಲಿ ನರ ಒತ್ತಲ್ಪಡುವ ಕಾರ್ಪಲ್ ಟನಲ್ ತೊಂದರೆಯ ಲಕ್ಷಣಗಳು. ಇಡೀ ದಿನ ಕತ್ತರಿ, ಸೂಜಿ ಹಿಡಿಯುವ ಕೈಗೆ ಅದು ಹೊಸದಲ್ಲ. ನರದ ವಿದ್ಯುತ್ ಪರೀಕ್ಷೆ ಮಾಡಿಸಿ. ಜೊತೆಗೆ ಥೈರಾಯ್ಡ್, ಸಕ್ಕರೆಯ ರಕ್ತಪರೀಕ್ಷೆಯೂ ಆಗಲಿ. ಕಾಲರ್ ಬದಲು ರಾತ್ರಿ ಮಣಿಕಟ್ಟು ಮಡಿಯದಂತೆ ಪಟ್ಟಿ ಕಟ್ಟಿಕೊಂಡು ಮಲಗುವುದರಿಂದ ಅನೇಕರಿಗೆ ಉಪಶಮನ ಸಿಗುತ್ತದೆ.

ಕುತ್ತಿಗೆಯ ಡಿಸ್ಕ್ ನರವನ್ನಲ್ಲದೆ ಬೆನ್ನುಹುರಿಯನ್ನೇ ಒತ್ತಿದರೆ ನೋವು ಇಲ್ಲದೆಯೂ ಕಾಯಿಲೆ ಮುಂದುವರಿಯಬಹುದು. ಅಂಗಿಯ ಗುಂಡಿ ಹಾಕಲು ತಡಕಾಡುವುದು, ಅಕ್ಷರ ಕೆಡುವುದು, ಕಾಲುಗಳು ಬಿಗಿದು ನಡಿಗೆ ಓಲಾಡುವುದು, ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಮಿಂಚು ಹರಿದಂತಾಗುವುದು ಅದರ ಸೂಚನೆಗಳು. ಅಂಥವರು ಕುತ್ತಿಗೆ ತಿರುಚಿಸುವ ಯಾವ ಚಿಕಿತ್ಸೆಗೂ ಒಪ್ಪಬಾರದು. ಇನ್ನೊಂದು ಮಾತು: ನಡೆದಾಗ, ಮೆಟ್ಟಿಲು ಹತ್ತಿದಾಗ ಎಡತೋಳು ನೋಯುತ್ತಾ ಎದೆ ಬಿಗಿಯಾದರೆ ಕುತ್ತಿಗೆಯನ್ನು ದೂರುತ್ತಾ ಕೂರದೆ ಮೊದಲು ಇಸಿಜಿ ಮಾಡಿಸಬೇಕು.

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ಮನೆಯೊಳಗೆ ಆರಾಮವಾಗಿರುತ್ತಾರೆ. ಸಂತೆಗೆ ಹೊರಟರೆ ಅರ್ಧ ದಾರಿಯಲ್ಲಿ ಎರಡೂ ಕಾಲು ಸೋತು ಕಟ್ಟೆ ಹುಡುಕುತ್ತಾರೆ. ಐದು ನಿಮಿಷ ಕೂತರೆ ಮತ್ತೆ ನಡೆಯುತ್ತಾರೆ. ಇದೂ ಡಿಸ್ಕೇ?
– ಒಬ್ಬ ಓದುಗ, ಗದಗ

ಉತ್ತರ: ಒಂದು ಡಿಸ್ಕ್ ಚಾಚಿಕೊಂಡದ್ದಲ್ಲ, ಡಿಸ್ಕ್, ಕೀಲು, ಬಂಧಕಗಳು ಎಲ್ಲವೂ ವಯಸ್ಸಿನೊಡನೆ ದಪ್ಪವಾಗಿ ನರಗಳು ಹಾಯುವ ನಾಳ ಕಿರಿದಾಗಿರಬಹುದು. ಬೆನ್ನು ಬಾಗಿಸಿದಾಗ ಈ ನಾಳ ಹಿಗ್ಗುತ್ತದೆ. ಆದ್ದರಿಂದಲೇ ಇಂಥವರು ಕೂತರೆ, ಅಥವಾ ತಳ್ಳುಗಾಡಿಯ ಮೇಲೆ ಬಾಗಿ ನಡೆದರೆ ಹಗುರವಾಗುತ್ತಾರೆ. ಬಾಗದೆ, ನಿಂತಲ್ಲೇ ನಿಂತರೂ ನೋವು ಇಳಿಯುತ್ತದೆಯೇ ಎಂದು ಅವರನ್ನು ಕೇಳಿ. ಇಳಿಯುತ್ತದೆ ಎಂದರೆ ಕಾಲಿನ ರಕ್ತನಾಳ ಕಟ್ಟಿಕೊಂಡಿರುವ ಅನುಮಾನ ಹೆಚ್ಚು. ಮಧುಮೇಹವಿದ್ದರೆ ಅಥವಾ ಹೊಗೆಸೊಪ್ಪಿನ ಅಭ್ಯಾಸವಿದ್ದರೆ ಪಾದದ ನಾಡಿಯನ್ನು ಪರೀಕ್ಷೆ ಮಾಡಿಸಲೇಬೇಕು.

ಪ್ರಶ್ನೆ: ನನಗೆ 24 ವರ್ಷ. ಒಂದು ವರ್ಷದಿಂದ ಬೆಳಗಿನ ಜಾವ ಬೆನ್ನುನೋವಿಗೆ ಎಚ್ಚರವಾಗುತ್ತದೆ. ಎದ್ದಾಗ ಬೆನ್ನು ಹಲಗೆಯಂತೆ ಬಿಗಿದು, ಸಡಿಲವಾಗಲು ಒಂದು ಗಂಟೆ ಬೇಕು. ಕ್ರಿಕೆಟ್ ಆಡಿದ ದಿನ ನೋವೇ ಇರುವುದಿಲ್ಲ. ಡಿಸ್ಕ್ ಎಂದು ಹೇಳಿ ಆಟ ಬಿಡಿಸಿದ್ದಾರೆ.
– ಹೆಸರು ಬೇಡ, ಪುತ್ತೂರು

ಉತ್ತರ: ಡಿಸ್ಕ್ ತೊಂದರೆಯ ನೋವು ಸಾಮಾನ್ಯವಾಗಿ ಶ್ರಮಪಟ್ಟರೆ ಹೆಚ್ಚಿ, ಮಲಗಿದರೆ ತಗ್ಗುತ್ತದೆ. ನಿಮ್ಮದು ಇದಕ್ಕೆ ತೀರ ವಿರುದ್ಧ. ಎಳೆಯ ವಯಸ್ಸು, ಮೂರು ತಿಂಗಳಿಗಿಂತ ದೀರ್ಘವಾದ ನೋವು, ಅರ್ಧ ಗಂಟೆಗೂ ಮೀರಿದ ಬೆಳಗಿನ ಬಿಗಿತ, ರಾತ್ರಿಯ ಉತ್ತರಾರ್ಧದಲ್ಲಿ ಎಚ್ಚರವಾಗುವುದು, ಆಡಿದಾಗ ಕಡಿಮೆಯಾಗುವುದು – ಇವೆಲ್ಲ ಕೂಡಿದರೆ ಬೆನ್ನೆಲುಬಿನ ಉರಿಯೂತದ ಸಂಧಿವಾತ, ಅಂದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆಯೇ ಎಂದು ನೋಡಬೇಕು. ಮಂಗಳೂರಿನಲ್ಲಿ ಸಂಧಿವಾತ ತಜ್ಞರು ಸಿಗುತ್ತಾರೆ. ಟೊಂಕದ ಕೆಳಗಿನ ಸಂಧಿಗಳ ಎಂಆರ್‌ಐ, ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ ಬೇಕಾಗಬಹುದು. ಕಣ್ಣು ಎಂದಾದರೂ ಕೆಂಪಾಗಿ ಬೆಳಕಿಗೆ ನೋಯುತ್ತಿತ್ತೇ, ಮನೆಯಲ್ಲಿ ಯಾರಿಗಾದರೂ ಹೀಗೆ ಬೆನ್ನು ಬಿಗಿದಿತ್ತೇ ಎಂಬುದನ್ನು ನೆನಪಿಸಿಕೊಂಡು ಹೋಗಿ, ಅವರು ಕೇಳುತ್ತಾರೆ. ತಜ್ಞರು ಬೇರೆ ಹೇಳದಿದ್ದರೆ ಆಟವನ್ನು ಬಿಡಬೇಕಾಗಿಲ್ಲ.